‘ಸುಲಿ’ ಎಂಬ ಧಾತುವಿಗೆ ಕರ್ತೃ ಯಾರು?

ನಮ್ಮ ಭಾಷೆ ಒರಟಾಯಿತೆಂದು ಊರಿನ ಕೆಲವು ದೊಡ್ಡ ಮನುಷ್ಯರಿಗೆ ಬೇಸರವಾಗಿದೆ. ಗಿರಣಿ ಬಾಗಿಲಿನ ಸಭೆಯಲ್ಲಿ ನಮ್ಮವರು ‘ಸುಲಿಗೆ’ ಎಂಬ ಮಾತನ್ನು ಆಡಿದರಂತೆ. ಅದು ಕಳ್ಳಕಾಕರಿಗೆ ಹೇಳತಕ್ಕ ಮಾತಂತೆ. ದೇವಸ್ಥಾನಕ್ಕೆ ಗೋಪುರ ಕಟ್ಟಿಸಿ, ಶಾಲೆಗೆ ಗಡಿಯಾರ ಕೊಟ್ಟ ಮರ್ಯಾದಸ್ಥರ ವಿಷಯದಲ್ಲಿ ಅದು ಸಲ್ಲದಂತೆ. ‘ಕಡಿತ’ ಎನ್ನಿ, ‘ಪರಿಷ್ಕರಣೆ’ ಎನ್ನಿ, ತಡೆಯಲಾರದಿದ್ದರೆ ‘ಅನ್ಯಾಯ’ ಎಂದಾದರೂ ಎನ್ನಿ, ‘ಸುಲಿಗೆ’ ಮಾತ್ರ ಬೇಡ ಎಂದು ನಮಗೆ ಬುದ್ಧಿ ಹೇಳಿ ಕಳಿಸಿದ್ದಾರೆ.

ಹೊಸ ಒಪ್ಪಂದದ ಕರಡು ಪಾಳಿ ಪಾಳಿಗೂ ಸಹಿಗೆ ಬರುತ್ತಿರುವ ಈ ಹೊತ್ತಿನಲ್ಲಿ ಈ ಬುದ್ಧಿಮಾತು ಬಂದಿದೆ ಎಂಬುದನ್ನು ವಾಚಕರು ಗಮನಿಸಬೇಕು. ಮಾತಿಗೂ ಹೊಟ್ಟೆಗೂ ಸಂಬಂಧವಿಲ್ಲವೆಂದು ಬಡವ ತಿಳಿದಿರಬಹುದು. ಧಣಿ ಹಾಗೆ ತಿಳಿದಿಲ್ಲ. ತಿಳಿದಿದ್ದರೆ ಒಂದು ಮಾತಿಗಾಗಿ ಇಷ್ಟು ಸಂಕಟಪಡುತ್ತಿರಲಿಲ್ಲ. ಆದ್ದರಿಂದ ಈ ವಾರ ನಾವು ಅಂಕಿಅಂಶಗಳನ್ನು ಬದಿಗಿಟ್ಟು ಈ ಒಂದು ಮಾತನ್ನೇ ಎತ್ತಿಕೊಂಡಿದ್ದೇವೆ. ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ, ಕೆಲವು ವರ್ಷ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಎಂದು ಹೇಳಿಕೊಟ್ಟು, ಆಮೇಲೆ ಈ ಕೆಲಸಕ್ಕೆ ಬಂದವರು. ಆದರೆ ‘ಸುಲಿ’ ಎಂಬ ಮಾತಿನ ಅರ್ಥ ತಿಳಿಯಲು ಪಂಡಿತರ ಮನೆಗೆ ಹೋಗಬೇಕಾಗಿಲ್ಲ. ಅಡಿಗೆಮನೆಗೆ ಹೋದರೆ ಸಾಕು.

ಬಾಳೆಹಣ್ಣು ಸುಲಿಯುತ್ತೇವೆ. ಬೆಳ್ಳುಳ್ಳಿ ಸುಲಿಯುತ್ತೇವೆ. ಶೇಂಗಾ ಸುಲಿಯುತ್ತೇವೆ, ತೆಂಗಿನಕಾಯಿ ಸುಲಿಯುತ್ತೇವೆ. ಮಲೆನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ಹೆಣ್ಣುಮಕ್ಕಳು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯೆಲ್ಲ ಅಡಿಕೆ ಸುಲಿಯುತ್ತಾರೆ. ಸತ್ತ ದನದ ಚರ್ಮ ಸುಲಿಯುವುದುಂಟು. ಆದರೆ ಅಂಗಿಯನ್ನು ಯಾರೂ ಸುಲಿಯುವುದಿಲ್ಲ, ಬಿಚ್ಚುತ್ತಾರೆ. ಚಪ್ಪಲಿಯನ್ನು ಕಳಚುತ್ತಾರೆ. ತಲೆಯನ್ನು ಬೋಳಿಸುತ್ತಾರೆ. ಕಣಜವನ್ನು ದೋಚುತ್ತಾರೆ. ಕೈಯಲ್ಲಿದ್ದುದನ್ನು ಕಸಿದುಕೊಳ್ಳುತ್ತಾರೆ. ಕಾಣದ ಹಾಗೆ ತೆಗೆದರೆ ಕದ್ದರು ಎನ್ನುತ್ತೇವೆ.

ಇವೆಲ್ಲವೂ ತೆಗೆಯುವ ಕೆಲಸಗಳೇ. ಆದರೂ ಕನ್ನಡ ಒಂದೊಂದಕ್ಕೆ ಒಂದೊಂದು ಮಾತನ್ನು ಇಟ್ಟಿದೆ. ಏಕೆ? ಅಂಗಿ ಮೈಮೇಲೆ ಇರುತ್ತದೆ, ಮೈಯೊಂದಿಗೆ ಬೆಳೆದದ್ದಲ್ಲ. ಬಿಚ್ಚಿದರೆ ಮತ್ತೆ ತೊಡಬಹುದು. ಬೋಳಿಸಿದ ಕೂದಲು ಮತ್ತೆ ಬೆಳೆಯುತ್ತದೆ. ದೋಚಿದ ಕಣಜವನ್ನು ಮುಂದಿನ ಸುಗ್ಗಿಗೆ ತುಂಬಬಹುದು. ಸಿಪ್ಪೆ ಹಾಗಲ್ಲ. ಅದು ತಿರುಳಿನೊಂದಿಗೇ ಹುಟ್ಟಿ, ತಿರುಳಿನೊಂದಿಗೇ ಬೆಳೆದು, ತಿರುಳನ್ನು ಬಿಸಿಲು ಮಳೆಯಿಂದ ಕಾಯುತ್ತಿರುತ್ತದೆ. ಅದನ್ನು ಕಿತ್ತಮೇಲೆ ಮರಳಿ ಅಂಟಿಸಲು ಬ್ರಹ್ಮನಿಗೂ ಆಗುವುದಿಲ್ಲ. ಹೀಗೆ ಒಂದು ವಸ್ತುವಿಗೆ ಅಂಟಿಕೊಂಡು ಬೆಳೆದ ಕಾಪನ್ನು, ಅದು ಮತ್ತೆ ಬಾರದ ಹಾಗೆ ಬಿಡಿಸಿ ತೆಗೆಯುವುದಕ್ಕೆ ಸುಲಿಯುವುದು ಎಂದು ಹೆಸರು.

ಇದು ನಮ್ಮ ಸ್ವಂತದ ವ್ಯಾಖ್ಯಾನವಲ್ಲ, ಪಕ್ಷದ ಠರಾವೂ ಅಲ್ಲ. ಬಾಸೆಲ್ ಮಿಶನ್ನಿನ ಕಿಟ್ಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟನ್ನು ತೆರೆದು ನೋಡಬಹುದು. ಸಿಪ್ಪೆ ತೆಗೆಯುವುದು, ಚರ್ಮ ತೆಗೆಯುವುದು, ಜನರ ಸೊತ್ತನ್ನು ಕೊಳ್ಳೆ ಹೊಡೆಯುವುದು ಈ ಮೂರೂ ಅರ್ಥಗಳು ಒಂದೇ ಧಾತುವಿನ ಕೆಳಗೆ ಇವೆ. ಕಿಟ್ಟೆಲ್ಲರು ಯಾವ ಕಾರ್ಮಿಕ ಸಂಘದ ಸದಸ್ಯರೂ ಆಗಿರಲಿಲ್ಲ. ಜನ ಆಡುತ್ತಿದ್ದುದನ್ನು, ಬರಹದಲ್ಲಿ ಕಂಡದ್ದನ್ನು ಅವರು ಬರೆದುಕೊಂಡರು, ಅಷ್ಟೇ. ಬಾಳೆಹಣ್ಣಿಗೂ ಬಡವನಿಗೂ ಒಂದೇ ಕ್ರಿಯಾಪದವನ್ನು ಬಳಸಬೇಕೆಂದು ತೀರ್ಮಾನಿಸಿದವರು ಈ ನಾಡಿನ ಒಕ್ಕಲುಮಕ್ಕಳೇ. ಹೊಲಿಯುವುದರಿಂದ ಹೊಲಿಗೆ ಆದಂತೆ ಸುಲಿಯುವುದರಿಂದ ಸುಲಿಗೆ ಆಯಿತು. ಬಟ್ಟೆಯ ಊರಿನವರಾದ ನಮಗೆ ಈ ಜೋಡಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೂಡಿಸುತ್ತದೆ, ಇನ್ನೊಂದು ಕಿತ್ತು ಬೇರೆ ಮಾಡುತ್ತದೆ.

ಇನ್ನು ಮರ್ಯಾದಸ್ಥರ ಮುಖ್ಯ ಆಕ್ಷೇಪಣೆಗೆ ಬರೋಣ. ‘ಸುಲಿಗೆ’ ಎಂಬುದು ಪೊಲೀಸರ ಮಾತು, ಅಪರಾಧದ ಹೆಸರು, ಆದ್ದರಿಂದ ಅದನ್ನು ಅಪರಾಧಿಗಳಿಗೆ ಮಾತ್ರ ಬಳಸಬೇಕು ಎನ್ನುತ್ತಾರೆ. ಸರಿ, ಕಾನೂನನ್ನೇ ನೋಡೋಣ. 1860ರಲ್ಲಿ ಆದ ದಂಡಸಂಹಿತೆ 1862ರಿಂದ ಜಾರಿಯಲ್ಲಿದ್ದು, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಗೆ ಜಾಗ ಬಿಟ್ಟುಕೊಟ್ಟಿತು. ಹೆಸರು ಬದಲಾಯಿತು, ಕಲಮುಗಳ ಸಂಖ್ಯೆ ಬದಲಾಯಿತು. ಸುಲಿಗೆಯ ಲಕ್ಷಣ ಹೆಚ್ಚೇನೂ ಬದಲಾಗಲಿಲ್ಲ. ಪೆಟ್ಟು ಕೊಟ್ಟು ಅಥವಾ ಈಗಲೇ ಕೊಡುತ್ತೇನೆಂದು ಹೆದರಿಸಿ ಕಿತ್ತುಕೊಂಡರೆ ಅದು ಸುಲಿಗೆ. ಶಿಕ್ಷೆ 10 ವರ್ಷದವರೆಗೆ. ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವುದರೊಳಗೆ, ಹೆದ್ದಾರಿಯಲ್ಲಿ ಮಾಡಿದರೆ 14 ವರ್ಷದವರೆಗೆ. ಐದು ಅಥವಾ ಹೆಚ್ಚು ಜನ ಕೂಡಿ ಮಾಡಿದರೆ ಡಕಾಯಿತಿ.

ಕಾನೂನು ಬರೆದವರ ಜಾಣತನವನ್ನು ನೋಡಿ! ರಾತ್ರಿಯ ಹೊತ್ತು ಹೆದ್ದಾರಿಯಲ್ಲಿ ಚಾಕು ತೋರಿಸಿದವನಿಗೆ ಎರಡು ಕಲಮು. ಹಗಲಿನ ಹೊತ್ತು ಕಚೇರಿಯಲ್ಲಿ ಕುಳಿತು, ‘ಸಹಿ ಮಾಡದಿದ್ದರೆ ನಾಳೆಯಿಂದ ಬಾಗಿಲು ಮುಚ್ಚುತ್ತೇವೆ’ ಎಂದು ಹಸಿವನ್ನು ತೋರಿಸಿದವನಿಗೆ ಒಂದು ಕಲಮೂ ಇಲ್ಲ. ಐವರು ಕೂಡಿದರೆ ಡಕಾಯಿತಿ; ಐವತ್ತು ಜನ ಪಾಲುದಾರರು ಕೂಡಿ ಠರಾವು ಮಾಡಿದರೆ ಆಡಳಿತ ಮಂಡಳಿ. ಚಾಕು ತೋರಿಸಿದವನಿಗೆ ಸಿಕ್ಕುವುದು ಒಬ್ಬನ ಒಂದು ದಿನದ ಹಣ. ಠರಾವು ಮಾಡಿದವರಿಗೆ ಸಿಕ್ಕುವುದು ಸಾವಿರ ಜನರ ಮೂವತ್ತು ವರ್ಷದ ದುಡಿಮೆ. ಕಾನೂನಿನ ‘ಸುಲಿಗೆ’ ಕನ್ನಡದ ‘ಸುಲಿಗೆ’ಯ ಒಂದು ಸಣ್ಣ ಚೂರು ಮಾತ್ರ. ಜನರ ಮಾತು ಹಳೆಯದು, ಕಾನೂನಿನ ಪುಸ್ತಕ ನಿನ್ನೆಯದು. ಚೂರನ್ನು ಹಿಡಿದುಕೊಂಡು ಇಡೀ ಮಾತೇ ನಮ್ಮದೆಂದು ಪೊಲೀಸ್ ಠಾಣೆಯವರೂ ಹೇಳುವುದಿಲ್ಲ. ಧಣಿಗಳು ಹೇಗೆ ಹೇಳುತ್ತಾರೆ?

ಇನ್ನು ಕೆಲವು ಸ್ನೇಹಿತರು ಮಧ್ಯದ ದಾರಿ ತೋರಿಸುತ್ತಾರೆ. ‘ಶೋಷಣೆ’ ಎನ್ನಬಾರದೇ, ಅದು ಸಭ್ಯವಾದ ಮಾತಲ್ಲವೇ ಎಂದು ಕೇಳುತ್ತಾರೆ. ಅದು ಒಳ್ಳೆಯ ಮಾತೇ, ಪುಸ್ತಕಗಳಲ್ಲಿ ನೆಲೆಯಾದ ಮಾತೇ. ಆದರೆ ಅದು ಸಂಸ್ಕೃತದಿಂದ ಬಂದದ್ದು, ಒಣಗಿಸುವುದು ಎಂಬುದು ಅದರ ಮೂಲಾರ್ಥ. ಬೇಸಗೆಯಲ್ಲಿ ಕೆರೆ ಒಣಗುತ್ತದೆ. ಯಾರು ಒಣಗಿಸಿದರು? ಸೂರ್ಯ. ಸೂರ್ಯನ ಮೇಲೆ ಮುಷ್ಕರ ಹೂಡಲು ಆಗುತ್ತದೆಯೇ? ಸುಲಿಯುವುದಕ್ಕೆ ಮಾತ್ರ ಕೈ ಬೇಕು, ಉಗುರು ಬೇಕು, ಇಲ್ಲವೇ ಕತ್ತಿ ಬೇಕು. ಬಾಳೆಹಣ್ಣು ತನ್ನಷ್ಟಕ್ಕೆ ತಾನೇ ಸುಲಿದುಕೊಳ್ಳುವುದಿಲ್ಲ. ಆ ಕೈ ಈ ಮಾತಿನೊಳಗೇ ಇದೆ. ದೊಡ್ಡವರಿಗೆ ಈ ಮಾತು ಬೇಡವಾಗಿರುವುದು ಅದು ಒರಟು ಎಂದಲ್ಲ, ಅದು ‘ಯಾರು?’ ಎಂದು ಕೇಳುತ್ತದೆ ಎಂದು.

ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಪಾಠ ಇದೇ. ಸಕರ್ಮಕ ಧಾತು ಬಂದರೆ ಎರಡು ಪ್ರಶ್ನೆ ಹಾಕಬೇಕು: ಯಾರು? ಏನನ್ನು? ‘ರಾಮನು ಹಣ್ಣನ್ನು ಸುಲಿದನು.’ ರಾಮನು ಕರ್ತೃ, ಹಣ್ಣು ಕರ್ಮ. ಇದು ಕರ್ತರಿ ಪ್ರಯೋಗ. ಇದನ್ನೇ ತಿರುಗಿಸಿ ‘ರಾಮನಿಂದ ಹಣ್ಣು ಸುಲಿಯಲ್ಪಟ್ಟಿತು’ ಎಂದರೆ ಕರ್ಮಣಿ ಪ್ರಯೋಗ. ಕನ್ನಡದ ಯಾವ ತಾಯಿಯೂ ಹೀಗೆ ಮಾತಾಡುವುದಿಲ್ಲ. ವ್ಯಾಕರಣದ ಪುಸ್ತಕದಲ್ಲಿ ಪರೀಕ್ಷೆಗಾಗಿ ಇರುತ್ತದೆ. ಆದರೆ ಇದಕ್ಕಿಂತಲೂ ಮುಂದೆ ಹೋದ ಪ್ರಯೋಗವೊಂದು ಕಚೇರಿಗಳಲ್ಲಿ ಹುಟ್ಟಿದೆ. ಅದರಲ್ಲಿ ರಾಮನೇ ಇಲ್ಲ. ‘ಭತ್ಯೆಯನ್ನು ಕಡಿತಗೊಳಿಸಲಾಗಿದೆ.’ ‘ಪಾಳಿಯನ್ನು ಮಾರ್ಪಡಿಸಲಾಗಿದೆ.’ ‘ಕಾರ್ಮಿಕರನ್ನು ಕೆಲಸದಿಂದ ಬಿಡುಗಡೆಗೊಳಿಸಲಾಗಿದೆ.’ ಬಿಡುಗಡೆ! ಸೆರೆಮನೆಯಿಂದ ಬಿಟ್ಟ ಹಾಗೆ! ಯಾರು ಕಡಿದರು, ಯಾರು ಮಾರ್ಪಡಿಸಿದರು ಎಂದು ಕೇಳಿದರೆ ವಾಕ್ಯದಲ್ಲಿ ಉತ್ತರವಿಲ್ಲ. ಭತ್ಯೆ ಮಳೆಗೆ ಕರಗಿದಂತೆ, ಗಾಳಿಗೆ ಹಾರಿಹೋದಂತೆ ಓದಿಕೊಳ್ಳುತ್ತದೆ.

ಈಗ ‘ಕಡಿತಗೊಳಿಸಲಾಗಿದೆ’ ಎಂಬುದರ ಜಾಗದಲ್ಲಿ ನಮ್ಮ ಧಾತುವನ್ನು ಇಟ್ಟು ನೋಡಿ. ‘ಭತ್ಯೆಯನ್ನು ಸುಲಿಯಲಾಗಿದೆ.’ ಓದಿದ ಕೂಡಲೇ ಹತ್ತು ಜನ ‘ಯಾರೋ ಅವನು?’ ಎಂದು ಎದ್ದು ನಿಲ್ಲುತ್ತಾರೆ. ಗಿರಣಿಯ ಫಲಕಗಳಲ್ಲಿ ‘ಸುಲಿ’ ಎಂಬ ಧಾತು ಏಕೆ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಡ.

ಹಿಡಿಯುವುದೆಲ್ಲ ಸುಲಿಗೆಯೇ ಎಂದು ನಾವು ಹೇಳುತ್ತಿಲ್ಲ. ಕೂಲಿಯಿಂದ ಯಾವ ಯಾವ ಬಾಬಿಗೆ ಹಿಡಿಯಬಹುದೆಂದು 1936ರ ವೇತನ ಪಾವತಿ ಕಾಯ್ದೆ ಪಟ್ಟಿ ಮಾಡಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಪಟ್ಟಿ ಇದೆ. ಜುಲ್ಮಾನೆ ಆ ಅವಧಿಯ ಕೂಲಿಯ ಶೇ. 3ನ್ನು ಮೀರಬಾರದು, ಕಾರ್ಮಿಕನಿಗೆ ತನ್ನ ಸಮಾಧಾನ ಹೇಳಿಕೊಳ್ಳಲು ಅವಕಾಶ ಕೊಡದೆ ಜುಲ್ಮಾನೆ ಹಾಕಲೇಬಾರದು. ಪಟ್ಟಿಯಲ್ಲಿ ಇದ್ದುದನ್ನು ಲೆಕ್ಕ ತೋರಿಸಿ ಹಿಡಿದರೆ ಅದು ಕಡಿತ. ಪಟ್ಟಿಯಲ್ಲಿ ಇಲ್ಲದ್ದನ್ನು ಹಿಡಿದರೆ, ಅಥವಾ ಒಂದು ಹೆಸರಿನಲ್ಲಿ ಹಿಡಿದು ಇನ್ನೊಂದಕ್ಕೆ ಬಳಸಿದರೆ, ಅದು ಯಾವುದು?

ಭವಿಷ್ಯನಿಧಿಯನ್ನೇ ತೆಗೆದುಕೊಳ್ಳಿ. 1952ರ ಕಾಯ್ದೆಯಿಂದ ಬಂದದ್ದು. ಕೂಲಿಯ ಶೇ. 12 ಕಾರ್ಮಿಕನದು, ಅಷ್ಟೇ ಮಾಲಿಕನದು. 15,000 ರೂಪಾಯಿ ಕೂಲಿಯವನಿಂದ ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ ಹಿಡಿಯುತ್ತಾರೆ. ಅದನ್ನು ನಿಧಿಗೆ ಕಟ್ಟದೆ ಇಟ್ಟುಕೊಂಡ ಮಾಲಿಕರು ಈ ದೇಶದಲ್ಲಿ ಒಬ್ಬರಲ್ಲ, ಇಬ್ಬರಲ್ಲ. ಪತ್ರಿಕೆಗಳು ಅದಕ್ಕೆ ‘ಬಾಕಿ’ ಎನ್ನುತ್ತವೆ. ಬಾಕಿ ಎಂದರೆ ಕಿರಾಣಿ ಅಂಗಡಿಯಲ್ಲಿ ನಾವು ಕೊಡಬೇಕಾದದ್ದು. ಇದು ಬಾಕಿಯಲ್ಲ. ದಂಡಸಂಹಿತೆಯೇ ಇದನ್ನು ನಂಬಿಕೆದ್ರೋಹದ ಅಪರಾಧವೆಂದು ಬಿಡಿಸಿ ಹೇಳಿತ್ತು. ನಮ್ಮ ಧಾತುವಿನ ಲಕ್ಷಣಕ್ಕೆ ಹಚ್ಚಿ ನೋಡಿ: ಈ ಹಣ ಮೂವತ್ತು ವರ್ಷ ಕಾರ್ಮಿಕನ ಮೈಗೆ ಅಂಟಿಕೊಂಡು, ಅವನ ಬೆವರಿನೊಂದಿಗೆ ಬೆಳೆದದ್ದು, ಮುಪ್ಪಿನ ಬಿಸಿಲು ಮಳೆಗೆ ಅವನನ್ನು ಕಾಯಬೇಕಾದ ಕಾಪು, ಒಮ್ಮೆ ಹೋದರೆ ಅರವತ್ತನೆಯ ವಯಸ್ಸಿನಲ್ಲಿ ಮತ್ತೆ ಬೆಳೆಯುವುದಿಲ್ಲ. ಇದಕ್ಕಿಂತ ಸರಿಯಾಗಿ ‘ಸುಲಿ’ ಎಂಬ ಮಾತು ಬಾಳೆಹಣ್ಣಿಗೂ ಹೊಂದುವುದಿಲ್ಲ.

ಈ ಧಾತುವಿಗೆ ಪ್ರೇರಣಾರ್ಥಕ ರೂಪವೂ ಇದೆ: ಸುಲಿಸು. ತಾನು ಸುಲಿಯದೆ ಇನ್ನೊಬ್ಬನ ಕೈಯಿಂದ ಸುಲಿಯುವ ಕೆಲಸ ಮಾಡಿಸುವುದು. ಹಿಂದೆ ಜಾಬರನಿದ್ದ, ಈಗ ಗುತ್ತಿಗೆದಾರನಿದ್ದಾನೆ. ಅದೇ ಯಂತ್ರ, ಅದೇ ನೂಲು, ಅದೇ ಪಾಳಿ. ಒಬ್ಬ ಕಾಯಂ, ಅವನ ಪಕ್ಕದಲ್ಲಿ ನಿಂತವನು ಗುತ್ತಿಗೆ. ಗುತ್ತಿಗೆ ಕಾರ್ಮಿಕರನ್ನು ಕುರಿತು 1970ರಲ್ಲಿಯೇ ಕಾಯ್ದೆಯಾಯಿತು. ನಿಯಂತ್ರಣ ಮತ್ತು ರದ್ದಿಯಾತಿ ಎಂಬ ಎರಡು ಮಾತು ಅದರ ಹೆಸರಿನಲ್ಲಿಯೇ ಇದ್ದವು. ರದ್ದಿಯಾತಿಯನ್ನು ಕಂಡವರು ವಿರಳ. ಮಾಲಿಕನನ್ನು ಕೇಳಿದರೆ ‘ಅವನು ನನ್ನ ಆಳಲ್ಲ’ ಎನ್ನುತ್ತಾನೆ. ಗುತ್ತಿಗೆದಾರನನ್ನು ಕೇಳಿದರೆ ‘ನನಗೆ ಕೊಟ್ಟದ್ದೇ ಇಷ್ಟು’ ಎನ್ನುತ್ತಾನೆ. ಸುಲಿಯುವವನಿಗೂ ಸುಲಿಸುವವನಿಗೂ ನಡುವೆ ಕರ್ತೃ ಜಾರಿಹೋಗುತ್ತಾನೆ. ಆದರೆ ವ್ಯಾಕರಣದಲ್ಲಿ ಗೊಂದಲವಿಲ್ಲ. ‘ರಾಮನು ಸೋಮನಿಂದ ಹಣ್ಣನ್ನು ಸುಲಿಸಿದನು’ ಎಂದರೆ ಕರ್ತೃ ರಾಮನೇ. ಸೋಮನ ಕೈಗೆ ಸಿಪ್ಪೆ ಅಂಟಿರಬಹುದು, ಹಣ್ಣು ತಿಂದವನು ರಾಮ.

ಹೆಸರಿಡುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಸಾಗರ ತಾಲೂಕಿನ ಕಾಗೋಡನ್ನು ನೆನಪು ಮಾಡಿಕೊಡುತ್ತೇವೆ. ಅಲ್ಲಿ ಒಡೆಯರು ಗೇಣಿ ಭತ್ತವನ್ನು ಅಳೆದುಕೊಳ್ಳುತ್ತಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು. ಯಾರೂ ಚಾಕು ತೋರಿಸಿರಲಿಲ್ಲ. ಅದಕ್ಕೆ ‘ಪದ್ಧತಿ’ ಎಂದು ಹೆಸರಿತ್ತು. ತಂದೆ ಅಳೆದುಕೊಟ್ಟಿದ್ದ, ಮಗನೂ ಅಳೆದುಕೊಡಬೇಕು. ಅದು ಪದ್ಧತಿಯಲ್ಲ, ಹೆಚ್ಚಿನ ಭತ್ತ ನಮ್ಮದು ಎಂದು ಗೇಣಿದಾರರು ಹೇಳಿದ ದಿನ ಕೊಳಗ ಬರಿಯ ಕೊಳಗವಾಗಿ ಉಳಿಯಲಿಲ್ಲ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದಿಂದ ಎದ್ದ ಪ್ರಶ್ನೆ ನೆಲದ ಪ್ರಶ್ನೆಯಾಗಿ ಬೆಳೆಯಿತು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ನಡುವೆ ಇಪ್ಪತ್ತಮೂರು ವರ್ಷ ಹಿಡಿಯಿತು, ನಿಜ. ಆದರೆ ‘ಪದ್ಧತಿ’ ಎಂಬ ಮಾತನ್ನು ಒಪ್ಪಿಕೊಂಡು ಕುಳಿತಿದ್ದರೆ ಎಷ್ಟು ವರ್ಷವಾದರೂ ಆಗುತ್ತಿರಲಿಲ್ಲ.

ಆಳನ್ನು ಸುಲಿಯುವಂತೆ ಗಿರಣಿಯನ್ನೇ ಸುಲಿಯುವುದುಂಟು. ಇದನ್ನು ನಮ್ಮ ನಾಡಿನ ಗಿರಣಿ ಊರುಗಳು ಕಣ್ಣಾರೆ ಕಂಡಿವೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದಿತ್ತು; ಬಿರುದು ಉಳಿಯಿತು, ಹಳೆಯ ಗಿರಣಿಗಳ ಶಿಳ್ಳೆ ಉಳಿಯಲಿಲ್ಲ. ಗಿರಣಿ ಸುಲಿಯುವ ಕ್ರಮ ಎಲ್ಲಿಯೂ ಒಂದೇ. ಮೊದಲು ಬಿಡಿಭಾಗ ತರಿಸುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಕೆಟ್ಟ ಮಗ್ಗವನ್ನು ಗುಜರಿಗೆ ಹಾಕುತ್ತಾರೆ. ಆಮೇಲೆ ನಷ್ಟ ಎನ್ನುತ್ತಾರೆ. ಮಗ್ಗ ಹೋದಮೇಲೆ ಲಾಭ ಎಲ್ಲಿಂದ ಬಂದೀತು? ಆಮೇಲೆ ಬೀಗ. ಕೊನೆಗೆ ಸಿಪ್ಪೆಯೆಲ್ಲ ಹೋಗಿ ತಿರುಳು ಕಾಣುತ್ತದೆ. ಆ ತಿರುಳು ಯಾವುದು? ನೆಲ.

ಮುಂಬಯಿಯ ಕಥೆಯನ್ನು ಗಿರಣಿ ಕಾರ್ಮಿಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದು ಕಾರ್ಮಿಕರು ಗೆದ್ದು ಮುಗಿದ ಮುಷ್ಕರವಲ್ಲ. ಗಿರಣಿಗಳು ಒಂದೊಂದಾಗಿ ನಿಂತವು. ನಿಂತ ಗಿರಣಿಗಳ ಕೆಳಗೆ ನೂರಾರು ಎಕರೆ ನೆಲವಿತ್ತು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೆಯ ನಿಯಮ ಹೀಗೆ ಹೇಳಿತು: ಮಾಲಿಕರು ಆ ನೆಲವನ್ನು ಬೇರೆ ಕೆಲಸಕ್ಕೆ ತೆಗೆದರೆ, ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಊರಿನ ಉದ್ಯಾನ ಬಯಲುಗಳಿಗೆ, ಒಂದು ಪಾಲು ಬಡವರ ವಸತಿಗೆ, ಒಂದು ಪಾಲು ಮಾಲಿಕರಿಗೆ. 2001ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಪಾಲು ಮಾಡಬೇಕಾದದ್ದು ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ! ಗಿರಣಿಯ ಅಂಗಳವನ್ನು ಮೂರು ಪಾಲು ಮಾಡಿ, ಗಿರಣಿಯನ್ನು ಪೂರ್ತಿ ಇಟ್ಟುಕೊಳ್ಳಿ ಎಂದ ಹಾಗಾಯಿತು. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿತು. 2006ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಿ ಚಿಮಣಿಗಳ ಜಾಗದಲ್ಲಿ ಇಂದು ಗಾಜಿನ ಗೋಪುರಗಳು ನಿಂತಿವೆ.

ಮಾತು ಕೇವಲ ಮಾತು ಎನ್ನುವವರು ಈ ‘ಖಾಲಿ’ ಎಂಬ ಎರಡಕ್ಷರಕ್ಕೆ ಎಷ್ಟು ಎಕರೆ ಬೆಲೆ ಬಂತೆಂದು ಲೆಕ್ಕ ಹಾಕಲಿ.

ಇಲ್ಲಿಯವರೆಗೆ ಗಿರಣಿಯ ಮಾತಾಯಿತು. ಅಂಗಡಿಕಾರ ಮಿತ್ರರು ‘ಇದರಲ್ಲಿ ನಮಗೇನು?’ ಎಂದುಕೊಳ್ಳಬಾರದು. ‘ಸುಲಿಗೆ’ ಎಂಬ ಮಾತನ್ನು ಈ ಊರಿನಲ್ಲಿ ಅತ್ಯಂತ ಹೆಚ್ಚಾಗಿ ಬಳಸುತ್ತಿರುವವರು ಕಾರ್ಮಿಕರೂ ಅಂಗಡಿಕಾರರೂ. ಬಳಸುತ್ತಿರುವುದು ಒಬ್ಬರ ಮೇಲೊಬ್ಬರು. ಎಣ್ಣೆಗೆ ಎರಡು ರೂಪಾಯಿ ಹೆಚ್ಚಾದರೆ ‘ಶೆಟ್ಟಿ ಸುಲಿಯುತ್ತಾನೆ’ ಎಂದು ಕಾರ್ಮಿಕ. ಬೋನಸ್ಸಿಗಾಗಿ ಒಂದು ದಿನ ಪೇಟೆ ಮುಚ್ಚಿದರೆ ‘ಯೂನಿಯನ್ನಿನವರು ನಮ್ಮನ್ನು ಸುಲಿಯುತ್ತಾರೆ’ ಎಂದು ಅಂಗಡಿಕಾರ. ನಾವು ಇಬ್ಬರನ್ನೂ ಕೇಳುತ್ತೇವೆ: ಸುಲಿದ ತಿರುಳು ನಿಮ್ಮಿಬ್ಬರಲ್ಲಿ ಯಾರ ಮನೆಯಲ್ಲಿದೆ?

ಎಣ್ಣೆಯ ಡಬ್ಬಿಯ ಧಾರಣೆಯನ್ನು ಮಂಡಕ್ಕಿ ಅಂಗಡಿಯವನು ಗೊತ್ತುಮಾಡುವುದಿಲ್ಲ. ಅವನು ಕೊಂಡ ಬೆಲೆಗೆ ತನ್ನ ಹೊಟ್ಟೆಪಾಡನ್ನು ಸೇರಿಸುತ್ತಾನೆ. ಅದು ಕಲಬೆರಕೆಯಾದರೆ ಮೋಸ, ತೂಕದಲ್ಲಿ ಕಡಿಮೆಯಾದರೆ ಕಳ್ಳತನ; ಆ ಮಾತುಗಳೂ ಕನ್ನಡದಲ್ಲಿವೆ, ತಪ್ಪಿದವನ ಮೇಲೆ ಅವನ್ನು ಧಾರಾಳವಾಗಿ ಬಳಸಬಹುದು. ಆದರೆ ಅಂಗಡಿಕಾರನನ್ನು ನಿಜವಾಗಿ ಸುಲಿಯುವವನು ಬೆಳಗಿನ ಹೊತ್ತು ಮೋಟಾರ್ ಸೈಕಲ್ಲಿನ ಮೇಲೆ ಚೀಲ ತೂಗುಹಾಕಿಕೊಂಡು ಬರುತ್ತಾನೆ. ದಿನದ ಬಡ್ಡಿಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ಸಾಲ 10,000 ರೂಪಾಯಿ; 1,000 ಮೊದಲೇ ಹಿಡಿದುಕೊಂಡು ಕೈಗೆ ಕೊಡುವುದು 9,000. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ಶೇ. 10 ಮಾತ್ರ ಎನ್ನುತ್ತಾನೆ. ಹೌದೇ? ಮೊದಲ ದಿನ ಅಂಗಡಿಯಲ್ಲಿ ಸಾಲ ಕೊಟ್ಟವನ ಹಣ 9,000 ಇರುತ್ತದೆ, ಕೊನೆಯ ದಿನ ಏನೂ ಇರುವುದಿಲ್ಲ. ಸರಾಸರಿ ಹಿಡಿದರೆ ಅಂಗಡಿಕಾರ ಬಳಸಿದ್ದು 4,500 ರೂಪಾಯಿ. ಅದಕ್ಕೆ 100 ದಿನಗಳಲ್ಲಿ ಕೊಟ್ಟ ಬಡ್ಡಿ 1,000 ರೂಪಾಯಿ. ಅಂದರೆ 100 ದಿನಕ್ಕೆ ಶೇ. 22, ವರ್ಷಕ್ಕೆ ಶೇ. 80ರ ಮೇಲೆ! ವಿಪರೀತ ಬಡ್ಡಿಯನ್ನು ನಿಷೇಧಿಸಿ ಕರ್ನಾಟಕ 2004ರಲ್ಲಿಯೇ ಕಾಯ್ದೆ ಮಾಡಿತು. ಕಿರುಸಾಲದ ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ಇನ್ನೊಂದನ್ನು ತಂದಿತು. ಎರಡು ಕಾಯ್ದೆ ಬೇಕಾಯಿತೆಂದರೆ ಒಂದರಿಂದ ಆಗಲಿಲ್ಲವೆಂದೇ ಅರ್ಥ.

ಇದನ್ನು ಅಂಗಡಿಕಾರ ‘ಸುಲಿಗೆ’ ಎನ್ನುವುದಿಲ್ಲ, ‘ಫೈನಾನ್ಸ್’ ಎನ್ನುತ್ತಾನೆ. ಸುಲಿಗೆ ಎಂಬ ಮಾತನ್ನು ಉದ್ರಿ ತೀರಿಸಲಾಗದ ಕಾರ್ಮಿಕನಿಗಾಗಿ ಇಟ್ಟುಕೊಂಡಿದ್ದಾನೆ. ಕಾರ್ಮಿಕನೂ ಹಾಗೆಯೇ: ಭವಿಷ್ಯನಿಧಿ ನುಂಗಿದವನಿಗೆ ‘ಸಾಹೇಬರು’, ಉದ್ರಿ ಕೊಟ್ಟವನಿಗೆ ‘ಸುಲಿಗೆಕೋರ’. ಗಿರಣಿ ಒಂದು ತಿಂಗಳು ಬಟವಾಡೆ ತಡಮಾಡಿದರೆ ಮೊದಲು ಒಲೆ ಆರುವುದು ಕಾರ್ಮಿಕನ ಮನೆಯಲ್ಲಿ. ಎರಡನೆಯದು ಅವನಿಗೆ ಉದ್ರಿ ಕೊಟ್ಟ ಅಂಗಡಿಯವನ ಮನೆಯಲ್ಲಿ. ಗಿರಣಿ ಮುಚ್ಚಿದ ಊರುಗಳಲ್ಲಿ ಉದ್ರಿ ಪುಸ್ತಕಗಳು ವಸೂಲಾಗದೆ ಗೆದ್ದಲು ಹತ್ತಿದವು. ಒಂದೇ ಅಡಿಕೆಯ ಸಿಪ್ಪೆ ಒಂದನ್ನೊಂದು ಬೈದುಕೊಂಡರೆ ಮೆಟ್ಟುಗತ್ತಿಗೆ ಏನು ನಷ್ಟ?

ಆದ್ದರಿಂದ ಈ ಮಾತನ್ನು ಬಿಡಬೇಡಿ ಎನ್ನುವಷ್ಟೇ ಒತ್ತಾಗಿ, ಇದನ್ನು ಎಲ್ಲೆಂದರಲ್ಲಿ ಎಸೆಯಬೇಡಿ ಎಂದೂ ಹೇಳುತ್ತೇವೆ. ಆಟೋದವನು ಹತ್ತು ರೂಪಾಯಿ ಹೆಚ್ಚು ಕೇಳಿದ್ದು ಸುಲಿಗೆ, ತರಕಾರಿಯವಳು ಕೊಸರು ಹಾಕದಿದ್ದುದು ಸುಲಿಗೆ, ನಲ್ಲಿ ತೆರಿಗೆ ಸುಲಿಗೆ ಎಂದು ಎಲ್ಲಕ್ಕೂ ಒಂದೇ ಹೆಸರಿಟ್ಟರೆ, ನಿಜವಾಗಿ ಸುಲಿದವನು ಈ ಗದ್ದಲದಲ್ಲಿ ಮುಖ ಮರೆಸಿಕೊಂಡು ಹೋಗುತ್ತಾನೆ. ತೆರಿಗೆ ನೀರಾಗಿ, ಆಸ್ಪತ್ರೆಯಾಗಿ ಮರಳಿ ಬಂದರೆ ಅದು ಸುಲಿಗೆಯಲ್ಲ. ಬಾರದಿದ್ದರೆ ಯಾರ ಮನೆಗೆ ಹೋಯಿತೆಂದು ಕೇಳಬೇಕು. ಮಾತನ್ನು ಆಡುವ ಮೊದಲು ವ್ಯಾಕರಣದ ಪ್ರಶ್ನೆಗಳನ್ನು ಹಾಕಿಕೊಳ್ಳಿ. ಯಾರು ಸುಲಿದರು? ಏನನ್ನು ಸುಲಿದರು? ಸುಲಿದದ್ದು ಈಗ ಯಾರ ಬಳಿ ಇದೆ? ಉತ್ತರ ಸಿಕ್ಕಿದರೆ ಗಟ್ಟಿಯಾಗಿ ಹೇಳಿ, ಯಾರ ಬೇಸರಕ್ಕೂ ಅಂಜಬೇಡಿ. ಸಿಗದಿದ್ದರೆ ಸಿಗುವವರೆಗೆ ಹುಡುಕಿ.

ಇಷ್ಟನ್ನು ಹೇಳಿ ಸಹಿಗೆ ಬಂದಿರುವ ಕರಡಿಗೆ ಬರುತ್ತೇವೆ. ಅದರಲ್ಲಿ ‘ಹಾಜರಿ ಭತ್ಯೆಯನ್ನು ವಿಲೀನಗೊಳಿಸಲಾಗುವುದು’ ಎಂದಿದೆ. ಯಾರು ವಿಲೀನಗೊಳಿಸುತ್ತಾರೆ? ಯಾವುದರಲ್ಲಿ? ವಿಲೀನವಾದ ಮೇಲೆ ತಿಂಗಳ ಕೊನೆಗೆ ಕೈಗೆ ಬರುವ ಹಣ ಎಷ್ಟು? ‘ಹೆಚ್ಚುವರಿ ಕಾರ್ಮಿಕರನ್ನು ಮರುನಿಯೋಜಿಸಲಾಗುವುದು’ ಎಂದಿದೆ. ಹೆಚ್ಚುವರಿ ಎಂದು ಎಣಿಸಿದವರು ಯಾರು? ಮರುನಿಯೋಜನೆ ಈ ಊರಿನಲ್ಲೋ, ಗುತ್ತಿಗೆದಾರನ ಪಟ್ಟಿಯಲ್ಲೋ? ಗಿರಣಿ ಮುಚ್ಚಲು ಸರಕಾರದ ಅಪ್ಪಣೆ ಬೇಕಾದದ್ದು 1982ರ ತಿದ್ದುಪಡಿಯಲ್ಲಿ 100 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಸಂಖ್ಯೆಯನ್ನು 300ಕ್ಕೆ ಏರಿಸಿದೆ. ಕಾಯಂ ಕಾರ್ಮಿಕರ ಸಂಖ್ಯೆಯನ್ನು ಇಳಿಸುವ ಯಾವ ಕಲಮನ್ನಾದರೂ ಈ ಲೆಕ್ಕವನ್ನು ಎದುರಿಗೆ ಇಟ್ಟುಕೊಂಡೇ ಓದಬೇಕು.

ಕಾರ್ಮಿಕ ಬಂಧುಗಳೇ, ಸಹಿ ಹಾಕಬೇಡಿ ಎಂದು ನಾವು ಹೇಳುತ್ತಿಲ್ಲ. ಪ್ರತಿ ಪಾಳಿಯಲ್ಲಿ ಓದು ಬಲ್ಲ ಒಬ್ಬರು ಕರಡನ್ನು ಗಟ್ಟಿಯಾಗಿ ಓದಲಿ. ‘ಲಾಗಿದೆ’, ‘ಲಾಗುವುದು’ ಎಂದು ಮುಗಿಯುವ ಪ್ರತಿ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆ ವಾಕ್ಯಗಳಿಗೆ ಕರ್ತೃವನ್ನೂ ಮೊತ್ತವನ್ನೂ ತಾರೀಖನ್ನೂ ಸೇರಿಸಿ ಮತ್ತೆ ಬರೆದುಕೊಡಿ ಎಂದು ಬರಹದಲ್ಲಿ ಕೇಳಿ, ಕೇಳಿದ್ದಕ್ಕೆ ಪಾವತಿ ಪಡೆಯಿರಿ. ಅಂಗಡಿಕಾರ ಮಿತ್ರರೇ, ದಿನದ ಬಡ್ಡಿಯ ಚೀಟಿಗಳನ್ನು ಹರಿದು ಹಾಕದೆ ಒಂದು ದಾರಕ್ಕೆ ಪೋಣಿಸಿ ಇಟ್ಟುಕೊಳ್ಳಿ. ಲೆಕ್ಕ ಹಾಕಲು ನಮ್ಮ ಕಚೇರಿಯಲ್ಲಿ ಸಂಜೆಯ ಹೊತ್ತು ಜನವಿರುತ್ತಾರೆ.

ಇನ್ನು ಬುದ್ಧಿ ಹೇಳಿ ಕಳಿಸಿದ ದೊಡ್ಡ ಮನುಷ್ಯರಿಗೆ ಒಂದು ಮಾತು. ಕರಡಿನ ಪ್ರತಿ ವಾಕ್ಯಕ್ಕೂ ಕರ್ತೃವನ್ನು ಬರೆದು, ಭವಿಷ್ಯನಿಧಿಯ ಪಾವತಿಗಳನ್ನು ಬಾಗಿಲಿನ ಫಲಕದ ಮೇಲೆ ಅಂಟಿಸಿ. ಆ ದಿನದಿಂದ ನಾವು ‘ಸುಲಿ’ ಎಂಬ ಧಾತುವನ್ನು ಬಾಳೆಹಣ್ಣಿಗೆ ಮಾತ್ರ ಬಳಸುತ್ತೇವೆ. ಅಲ್ಲಿಯವರೆಗೆ ಅದು ಗಿರಣಿ ಬಾಗಿಲಿನಲ್ಲಿಯೂ ಬೇಕಾಗಿದೆ.